ಬುದ್ಧನನ್ನು ಬೀರುವಿನೊಳಗೆ ಬಚ್ಚಿಡಬೇಡಿ

ಪೋಸ್ಟ್ ಉದ್ದ ಉಂಟು. ಪುರುಸೊತ್ತು ಮಾಡಿ ಓದಿ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ಭಾನುವಾರ ಪಂಪ್‌ವೆಲ್ ಹತ್ತಿರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣುವ ಗೋಡೆಗೆ, ಒಂದು ಶೆಲ್ಫ್ ಹೊಡೆಸಿದೆ. ಅದರ ಮೇಲೆ ಬಿಳಿ ಬಟ್ಟೆ. ಬುದ್ಧನ ಒಂದು ಗೇಣು ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಮುಂದೆ ಒಂದು ಲೋಟ ನೀರು, ಒಂದು ಮೇಣದಬತ್ತಿ, ನಾಲ್ಕು ದಾಸವಾಳ. ಅಷ್ಟೇ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ರಾತ್ರಿಯೊಳಗೆ ಮೂರು ಮೆಸೇಜ್ ಬಂತು.

ಆಫೀಸಿನ ಸಹೋದ್ಯೋಗಿಯೊಬ್ಬರು: "ಚಂದ ಉಂಟು ಮೇಡಂ. ಬುದ್ಧ ಸಹ ನಮ್ಮ ವಿಷ್ಣುವಿನ ಅವತಾರವೇ ಅಲ್ವಾ?"

ಸಂಘಟನೆಯ ಹಿರಿಯ ಸಂಗಾತಿಯೊಬ್ಬರು: "ದೇವರ ಕೋಣೆಯಿಂದ ಹೊರಗೆ ಬಂದು ಪುನಃ ದೇವರ ಕೋಣೆಗೇ ಹೋದಿರಾ ಅಕ್ಕಾ?"

ನಮ್ಮದೇ ಕೇರಿಯ ಒಬ್ಬ ತಮ್ಮ, ಓದಿದವ, ಒಳ್ಳೆ ಕೆಲಸದಲ್ಲಿರುವವ: "ಅಕ್ಕಾ, ಓನರ್ ನೋಡಿದ್ರೆ? ಒಳಗಿನ ರೂಮಲ್ಲಿ ಇಡಬಹುದಿತ್ತು."

ಮೂವರಿಗೂ ಇಲ್ಲೇ ಉತ್ತರ ಕೊಡ್ತೇನೆ.

ಮೊದಲನೆಯವರಿಗೆ ಹೆಚ್ಚು ಹೇಳಲಿಕ್ಕೆ ಇಲ್ಲ. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದರಲ್ಲ, ಅದರಲ್ಲಿ ಐದನೆಯದು ಇದೇ ಮಾತಿಗೆ ಉತ್ತರ. ಬುದ್ಧ ವಿಷ್ಣುವಿನ ಅವತಾರ ಅನ್ನುವುದು ಸುಳ್ಳು ಪ್ರಚಾರ, ನಾನದನ್ನು ನಂಬುವುದಿಲ್ಲ ಅಂತ. ಬಾಬಾಸಾಹೇಬರಿಗೆ ಗೊತ್ತಿತ್ತು, ನಮ್ಮವರು ಬುದ್ಧನನ್ನು ಮನೆಗೆ ತಂದ ದಿನವೇ ಇವರು ಬಂದು ನೆಂಟಸ್ತಿಕೆ ಹೇಳ್ತಾರೆ ಅಂತ. ನಮ್ಮ ಮಂಗಳೂರಲ್ಲಿ ಅದಕ್ಕೆ ದೂರ ಹೋಗಬೇಕಾಗಿಲ್ಲ. ಪಂಪ್‌ವೆಲ್ಲಿಂದ ಕದ್ರಿಗೆ ಎಷ್ಟು ದೂರ? ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮ 968ರಲ್ಲಿ ಸ್ಥಾಪಿಸಿದ್ದು. ಪೀಠದ ಶಾಸನದಲ್ಲಿ ಆ ಜಾಗಕ್ಕೆ 'ವಿಹಾರ' ಅಂತಲೇ ಬರೆದಿದೆ. ಈಗ ಆ ಮೂರ್ತಿ ದೇವಸ್ಥಾನದೊಳಗೆ ದೇವರಾಗಿ ಕೂತಿದೆ. ಬುದ್ಧನನ್ನು ಅವತಾರ ಮಾಡಿದರೆ ಎಂತ ಆಗ್ತದೆ ಅಂತ ಊರಲ್ಲೇ ಕಾಣ್ತದಲ್ಲ. ಸಾವಿರ ವರ್ಷದ ನಂತರ ನನ್ನ ಶೆಲ್ಫಿಗೂ ಅದೇ ಗತಿ ಬರುವುದು ನನಗೆ ಬೇಡ.

ಎರಡನೆಯವರ ಪ್ರಶ್ನೆ ಗಟ್ಟಿ ಉಂಟು. ನಾವು ವಿಚಾರವಾದಿಗಳು, ನಮಗೆ ಮೂರ್ತಿ ಯಾಕೆ? ಬುದ್ಧ ತೀರಿಕೊಂಡು ನೂರಾರು ವರ್ಷ ಅವನ ಮೂರ್ತಿಯೇ ಇರಲಿಲ್ಲ. ಜನ ಪಾದ, ಬೋಧಿಮರ, ಚಕ್ರ, ಖಾಲಿ ಪೀಠ ಕೆತ್ತಿ ನೆನಪು ಮಾಡಿಕೊಳ್ತಿದ್ದರು. ಬುದ್ಧ ಮೋಕ್ಷ ಕೊಡುವವನಲ್ಲ, ದಾರಿ ತೋರಿಸುವವನು ಅಂತ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಿಡಿಸಿ ಹೇಳಿದ್ದಾರೆ. ಇದೆಲ್ಲ ನನಗೂ ಗೊತ್ತುಂಟು ಸಾರ್. ಆದರೆ ನೀವು ಒಂದು ಲೆಕ್ಕ ಬಿಟ್ಟಿರಿ. ನಮ್ಮ ಮನೆಯ ಗೋಡೆ ಖಾಲಿ ಇರುವುದಿಲ್ಲ. ನಾವು ಬುದ್ಧನನ್ನು ಇಡದಿದ್ದರೆ ಅಲ್ಲಿ ಅಂಗಡಿಯವ ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಗಣಪತಿ ಬಂದು ಕೂತುಕೊಳ್ತಾನೆ. ವೇದಿಕೆಯಲ್ಲಿ ಮನುವಾದಕ್ಕೆ ಧಿಕ್ಕಾರ ಕೂಗಿ ಮನೆಗೆ ಹೋಗಿ ಗೃಹಪ್ರವೇಶಕ್ಕೆ ಭಟ್ಟರನ್ನು ಕರೆಸುವ ಸಂಗಾತಿಗಳನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಕೇಳಿದರೆ "ಹೆಂಡತಿಯ ಒತ್ತಾಯ" ಅಂತಾರೆ. ಹೆಂಡತಿಗೆ ನೀವು ಬೇರೆ ಎಂತ ಕೊಟ್ಟಿದ್ದೀರಿ ಮಾರಾಯ್ರೆ? ಭಾಷಣ ನಿಮಗೆ, ಖಾಲಿ ಗೋಡೆ ಅವಳಿಗೆ. ಮಗುವಿಗೆ ಜ್ವರ ಬಂದ ರಾತ್ರಿ ಅವಳು ಯಾವುದರ ಎದುರು ಐದು ನಿಮಿಷ ಕೂತುಕೊಳ್ಳಬೇಕು?

ನನ್ನ ಶೆಲ್ಫ್ ಎದುರು ಕೂತು ನಾನು ಎಂತದೂ ಬೇಡುವುದಿಲ್ಲ. ತ್ರಿಶರಣ, ಪಂಚಶೀಲ ಹೇಳ್ತೇನೆ, ಐದು ನಿಮಿಷ ಸುಮ್ಮನೆ ಕೂತುಕೊಳ್ತೇನೆ. ಹೂವು ಇಡುವುದು ಬುದ್ಧನನ್ನು ಖುಷಿ ಮಾಡಲಿಕ್ಕೆ ಅಲ್ಲ, ಸಂಜೆಗೆ ಅದು ಬಾಡುವುದನ್ನು ನೋಡಿ ನಾನೂ ಹಾಗೆಯೇ ಅಂತ ನೆನಪು ಮಾಡಿಕೊಳ್ಳಲಿಕ್ಕೆ. ದೀಪ ತಿಳಿವಳಿಕೆಗೆ. ಮುಹೂರ್ತ ಇಲ್ಲ, ಭಟ್ಟರಿಲ್ಲ, ಮಡಿ ಇಲ್ಲ, ತೆಂಗಿನಕಾಯಿ ಇಲ್ಲ. ತಿಂಗಳ ಆ ಮೂರು ದಿನ ನಾನೂ ನನ್ನ ಮಗಳೂ ದೂರ ನಿಲ್ಲುವುದಿಲ್ಲ. ಇಂಥ ದೇವರ ಕೋಣೆ ನೀವು ಎಲ್ಲಾದರೂ ನೋಡಿದ್ದುಂಟಾ?

ಹಾಗಂತ ಏನು ಇಟ್ಟರೂ ಆಗ್ತದೆ ಅಂತಲ್ಲ. ಹೊಟ್ಟೆ ತೋರಿಸಿ ನಗುವ ಬುದ್ಧ ನಮ್ಮ ಗೌತಮ ಬುದ್ಧ ಅಲ್ಲ, ಅವನು ಚೀನಾದ ಒಬ್ಬ ಬಿಕ್ಕು. ದುಡ್ಡು ಬರ್ತದೆ ಅಂತ ಅವನನ್ನು ತರುವವರು ವಾಸ್ತುವಿಗೆ ದುಡ್ಡು ಹಾಕಿದ್ದು, ಧಮ್ಮಕ್ಕಲ್ಲ. ಬಾಬಾಸಾಹೇಬರ ಫೋಟೋದ ಹಣೆಗೆ ಕುಂಕುಮ ಇಟ್ಟು ಆರತಿ ಎತ್ತುವವರಿಗೂ ಕೈಮುಗಿದು ಹೇಳ್ತೇನೆ, ಅದನ್ನು ಬಿಡಿ. ಅವರು ಬರೆದದ್ದರಲ್ಲಿ ಒಂದು ಪುಟ ಓದಿದರೆ ಸಾಕು.

ಈಗ ಮೂರನೆಯ ತಮ್ಮನಿಗೆ. ನಿನ್ನ ಮೆಸೇಜ್ ಓದಿ ನನಗೆ ಸಿಟ್ಟು ಬರಲಿಲ್ಲ, ನಾಚಿಕೆ ಆಯ್ತು. ಯಾಕೆಂದರೆ ಹತ್ತು ವರ್ಷ ನಾನೂ ನೀನೇ ಆಗಿದ್ದೆ.

ಈ ಊರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಯಾರೂ ಜಾತಿ ಕೇಳುವುದಿಲ್ಲ, ಅಷ್ಟು ಮರ್ಯಾದಸ್ಥರು. "ನಿಮ್ಮ ಊರು ಯಾವುದು? ನಂಬಿದ ದೈವ ಯಾವುದು? ಮೀನು ಮಾಂಸ ಮಾಡ್ತೀರಾ?" ಅಂತ ಕೇಳ್ತಾರೆ. ಉತ್ತರ ಕೇಳಿದ ಮೇಲೆ "ತಮ್ಮನ ಮಗ ಬರ್ತಾನಂತೆ, ಮನೆ ಕೊಡ್ಲಿಕ್ಕೆ ಇಲ್ಲ" ಅಂತಾರೆ. ಹಾಗೆ ಐದಾರು ಮನೆ ಕಳಕೊಂಡ ಮೇಲೆ ನಾನು ಬುದ್ಧಿ ಕಲಿತೆ. ಹಾಲ್‌ಗೆ ದೊಡ್ಡ ಗಣಪತಿ ಕ್ಯಾಲೆಂಡರ್ ಹಾಕಿದೆ. ಬಾಬಾಸಾಹೇಬರ ಫೋಟೋವನ್ನು ಬೀರುವಿನೊಳಗೆ, ಸೀರೆಗಳ ಹಿಂದೆ ಇಟ್ಟೆ. ಒಂದು ದಿನ ಮಗಳು, ಆಗ ನಾಲ್ಕನೇ ಕ್ಲಾಸ್, ಬೀರು ತೆಗೆದು ಕೇಳಿದಳು: "ಅಮ್ಮಾ, ಇವರು ಎಂತ ತಪ್ಪು ಮಾಡಿದ್ದಾರೆ? ಒಳಗೆ ಹಾಕಿ ಬೀಗ ಹಾಕಿದ್ದು ಯಾಕೆ?"

ನಾನು ಎಂತ ಹೇಳಲಿ? ಹೊರಗೆ ನಿಲ್ಲಿಸುವ ಕೆಲಸ ಅವರು ಮಾಡಿದರು, ಒಳಗೆ ಬಚ್ಚಿಡುವ ಕೆಲಸ ನಾನೇ ಮಾಡಿದೆ. ಎರಡೂ ಸೇರಿಯೇ ಅಸ್ಪೃಶ್ಯತೆ ನಡೆಯುವುದು.

ಇನ್ನೊಂದು ಹೆದರಿಕೆ ನಮ್ಮವರಲ್ಲಿ ಬಹಳ ಉಂಟು, ಬೌದ್ಧ ಅಂತ ಹೇಳಿದರೆ ಮೀಸಲಾತಿ ಹೋಗ್ತದೆ ಅಂತ. ಹೋಗುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1990ರಲ್ಲಿ ತಿದ್ದುಪಡಿ ಆಗಿ ಬೌದ್ಧರಾದ ಪರಿಶಿಷ್ಟರೂ ಅದರೊಳಗೆ ಬಂದಿದ್ದಾರೆ. ನಾನು ದಿನಾ ಫೈಲು ಹಿಡಿಯುವ ಗುಮಾಸ್ತೆ, ಈ ಕಾಗದ ಓದಿಯೇ ಹೇಳುವುದು. ಆದರೂ 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಯವರು 1 ಕೋಟಿ ದಾಟಿದ್ದರೆ ಬೌದ್ಧರು 1 ಲಕ್ಷ ಸಹ ಮುಟ್ಟಲಿಲ್ಲ. ಜನಗಣತಿಯವರು ಬಾಗಿಲಿಗೆ ಬಂದಾಗ ಧರ್ಮದ ಕಾಲಂನಲ್ಲಿ ಬೌದ್ಧ, ಜಾತಿಯ ಕಾಲಂನಲ್ಲಿ ನಿಮ್ಮ ಪರಿಶಿಷ್ಟ ಜಾತಿಯ ಹೆಸರು. ಎರಡನ್ನೂ ಬರೆಸಿ, ಬರೆದದ್ದನ್ನು ಓದಿ ನೋಡಿ.

ಕಡೆಗೆ ಒಂದು ಮಾತು. ಇದು ಯಾರೂ ಕೇಳದ ಪ್ರಶ್ನೆ, ಅಮ್ಮ ಮಾತ್ರ ಕೇಳಿದರು: "ಅಜ್ಜನಿಗೆ ಎಲ್ಲಿ ಜಾಗ ಮಗಾ?"

ಅಜ್ಜ ಅಂದರೆ ಕೊರಗಜ್ಜ. ಅಮ್ಮನಿಗೆ ಎಂತ ಕಳೆದುಹೋದರೂ, ಯಾರಿಗೆ ಹುಷಾರಿಲ್ಲದಿದ್ದರೂ ಅಜ್ಜನೇ. ವೀಳ್ಯದೆಲೆ, ಚಕ್ಕುಲಿ, ಜೊತೆಗೆ ಶೇಂದಿ. ನಾನು ಹೇಳಿದ ಪ್ರತಿಜ್ಞೆಗಳಲ್ಲಿ ಹೆಂಡ ಮುಟ್ಟುವುದಿಲ್ಲ ಅನ್ನುವುದೂ ಉಂಟು. ಶೆಲ್ಫ್ ಮೇಲೆ ಶೇಂದಿ ಇಡಲಿಕ್ಕೆ ಆಗುವುದಿಲ್ಲ, ಅದನ್ನು ಅಮ್ಮನಿಗೆ ನೇರ ಹೇಳಿದೆ. ಆದರೆ ಅಜ್ಜನನ್ನು ಗಣಪತಿಯ ಸಾಲಿಗೆ ಸೇರಿಸಿ ಹೊರಗೆ ಹಾಕಲಿಕ್ಕೂ ನನ್ನಿಂದ ಆಗಲಿಲ್ಲ. ದೇವಸ್ಥಾನದೊಳಗೆ ಬಿಡದೆ ಹೊರಗೆ ನಿಲ್ಲಿಸಿದ ಒಬ್ಬ ಕೊರಗರ ಹುಡುಗ ಮಾಯವಾದ ಕತೆ ಅದು. ಅದು ನಮ್ಮದೇ ಕತೆ. ಕೊರಗರಿಗೆ ಎಂಜಲು ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲಿಕ್ಕೆ ಈ ರಾಜ್ಯಕ್ಕೆ 2000ನೇ ಇಸವಿ ಬರಬೇಕಾಯ್ತು ಅನ್ನುವುದನ್ನು ಮರೆಯಬೇಡಿ. ಅಜ್ಜನಿಗೆ ಕೈಮುಗಿದು ಅಜ್ಜನ ಜಾತಿಯವರಿಗೆ ಮನೆ ಕೊಡದ ಊರು ಇದು.

ಅಮ್ಮನಿಗೆ ಹೇಳಿದೆ: "ಅಜ್ಜ ನಮ್ಮ ಹಿರಿಯ. ಹಿರಿಯರನ್ನು ನೆನಪು ಮಾಡುವ, ಬೇಡುವುದು ಬೇಡ." ಅಮ್ಮ ಒಪ್ಪಿದರು ಅಂತ ಸುಳ್ಳು ಹೇಳುವುದಿಲ್ಲ. ಅವರ ಚಕ್ಕುಲಿ ಈಗಲೂ ಅಡುಗೆ ಮನೆಯ ಮೂಲೆಯಲ್ಲಿ ಉಂಟು. ಸಂಜೆ ಮಾತ್ರ ನನ್ನ ಪಕ್ಕ ಬಂದು ಕೂತು "ಬುದ್ಧಂ ಸರಣಂ" ಅಂತ ತೊದಲ್ತಾರೆ. ಅಮ್ಮನ ಜೊತೆ ಜಗಳಕ್ಕೆ ನನಗೆ ಅವಸರ ಇಲ್ಲ. ಬೀರುವಿನ ಜೊತೆ ಇತ್ತು, ಅದು ಮುಗೀತು.

ಈ ತಿಂಗಳ ಬಾಡಿಗೆಗೆ ಓನರ್ ಮುಂದಿನ ವಾರ ಬರ್ತಾರೆ. ಬಾಗಿಲು ತೆಗೆದ ಕೂಡಲೇ ಅವರಿಗೆ ಕಾಣ್ತದೆ. ಪುನಃ ಅವರ ತಮ್ಮನ ಮಗನಿಗೆ ಮನೆ ಬೇಕಾಗಬಹುದು. ಮಗಳಿಗೆ ಹೇಳಿಟ್ಟಿದ್ದೇನೆ. ಅವಳು ಹೇಳಿದ್ದು ಇಷ್ಟೇ: "ತೆಗೆಯುವುದು ಮಾತ್ರ ಬೇಡ ಅಮ್ಮಾ."

ತೆಗೆಯುವುದಿಲ್ಲ.

ನೀವೂ ಇವತ್ತು ನಿಮ್ಮ ಬೀರು ಒಮ್ಮೆ ತೆಗೆದು ನೋಡಿ. ಒಳಗೆ ಯಾರಾದರೂ ಇದ್ದರೆ ಹೊರಗೆ ಕರೆತನ್ನಿ.

ನಮೋ ಬುದ್ಧಾಯ. ಜೈ ಭೀಮ್.