ಹೆಡ್‌ಲೈಟ್ ಬಲ್ಬಿನ ಆಯ್ಕೆ: ವ್ಯಾಟ್‌ಗಿಂತ ವಿವೇಕ ಮುಖ್ಯ

ವ್ಯಾಪಾರದ ಸರಕಿನ ದೊಡ್ಡ ಪಾಲು ರಾತ್ರಿಯ ವೇಳೆಯಲ್ಲಿಯೇ ಸಾಗುತ್ತದೆ. ಕೋಲಾರದ ಟೊಮೇಟೊ, ಚಿತ್ರದುರ್ಗದ ಈರುಳ್ಳಿ ಸಂಜೆ ಲಾರಿಗೇರಿ ಬೆಳಗಿನ ಜಾವದೊಳಗೆ ಮಾರುಕಟ್ಟೆ ಸೇರಬೇಕು. ಸಕಲೇಶಪುರ ದಾಟಿದ ಲಾರಿಗಳು ಮಳೆ, ಮಂಜಿನ ನಡುವೆ ಶಿರಾಡಿ ಘಾಟಿಯ ತಿರುವುಗಳನ್ನಿಳಿದು ಮಂಗಳೂರು ತಲುಪಬೇಕು. ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಎದುರಾಗುವುದುಂಟು. ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಂತಹ ಟ್ರೇಲರು ಚಾಲಕನ ಕಣ್ಣಿಗೆ ಒಂದೆರಡು ಸೆಕೆಂಡು ಮೊದಲೇ ಬಿದ್ದರೆ ಜೀವವೂ ಸರಕೂ ಉಳಿಯುತ್ತವೆ; ತಡವಾದರೆ ಎರಡೂ ಹೋಗುತ್ತವೆ.

ಆದುದರಿಂದ ದೀಪ ಮಂಕೆನಿಸಿದಾಗ ವಾಹನದ ಮಾಲೀಕರು ಬಿಡಿಭಾಗಗಳ ಅಂಗಡಿಗೆ ಹೋಗಿ "ಹೆಚ್ಚು ಬೆಳಕಿನ ಬಲ್ಬ್ ಕೊಡಿ" ಎಂದು ಕೇಳುವುದು ಸಹಜ. ಅಂಗಡಿಯವರು ಸಾಮಾನ್ಯವಾಗಿ ಮುಂದಿಡುವುದು ಮೂರು ಬಗೆ: ಹೆಚ್ಚು ವ್ಯಾಟಿನ ಬಲ್ಬ್, ನೀಲಿ ಛಾಯೆಯ ಬಲ್ಬ್ ಹಾಗೂ ಹಳೆಯ ಹೋಲ್ಡರಿಗೇ ಕೂರುವ ಎಲ್.ಇ.ಡಿ. ಬಲ್ಬ್. ಈ ಮೂರರಿಂದಲೂ ಹಣ ಖರ್ಚಾಗುತ್ತದೆಯೇ ಹೊರತು ರಸ್ತೆ ಚೆನ್ನಾಗಿ ಕಾಣುವ ಭರವಸೆಯಿಲ್ಲ ಎಂಬುದನ್ನು ವರ್ತಕರೂ ಗ್ರಾಹಕರೂ ಮನಗಾಣಬೇಕಾಗಿದೆ.

ಕಾರು, ಟೆಂಪೊಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 12 ವೋಲ್ಟಿನ ಎಚ್-4 ಹ್ಯಾಲೊಜನ್ ಬಲ್ಬಿನ ಶಕ್ತಿ 60/55 ವ್ಯಾಟ್. 24 ವೋಲ್ಟಿನ ಲಾರಿಗಳಲ್ಲಿ 75/70 ವ್ಯಾಟ್. ಇದರ ಬದಲು 12 ವೋಲ್ಟಿನ ವಾಹನಕ್ಕೆ 100/90 ವ್ಯಾಟಿನ ಬಲ್ಬ್ ಹಾಕಿದರೆ ಹೈ ಬೀಮಿನಲ್ಲಿ ಒಂದೊಂದು ಬಲ್ಬೂ 5 ಆಂಪಿಯರಿನ ಬದಲು 8 ಆಂಪಿಯರಿಗೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಮೂಲ ವೈರಿಂಗ್, ಸ್ವಿಚ್ ಹಾಗೂ ಹೋಲ್ಡರುಗಳನ್ನು ಈ ಹೊರೆಗೆಂದು ರೂಪಿಸಿರುವುದಿಲ್ಲ. ಹೋಲ್ಡರ್ ಕರಗುವುದು, ರಿಫ್ಲೆಕ್ಟರಿನ ಹೊಳಪು ಸುಟ್ಟು ಮಾಸುವುದು ಇದರ ಫಲ. ಹೊಳಪು ಮಾಸಿದ ರಿಫ್ಲೆಕ್ಟರಿಗೆ ಎಂತಹ ಬಲ್ಬ್ ಹಾಕಿದರೂ ಬೆಳಕು ಮರಳುವುದಿಲ್ಲ.

ನೀಲಿ ಲೇಪನದ ಬಲ್ಬಿನ ಬೆಳಕು ಬಿಳುಪಾಗಿ ತೋರುವುದು ನಿಜ. ಆದರೆ ಆ ಲೇಪನವು ಬೆಳಕಿನ ಒಂದು ಭಾಗವನ್ನು ತಡೆದೇ ಬಿಳುಪನ್ನು ತರುತ್ತದೆ. ಎದುರಿನಿಂದ ಬರುವವರ ಕಣ್ಣಿಗೆ ಈ ನೀಲಿ ಛಾಯೆ ಹೆಚ್ಚು ಚುಚ್ಚುತ್ತದೆ. ಪೊಟ್ಟಣದ ಮೇಲೆ "ಶೇ. 100 ಅಧಿಕ ಬೆಳಕು" ಎಂದು ಮುದ್ರಿಸಿದ ದುಬಾರಿ ಬಲ್ಬುಗಳ ಸಂಗತಿ ಬೇರೆ. ಇವುಗಳಲ್ಲಿ ಒಳ್ಳೆಯವು ರಸ್ತೆಯ ಕೆಲವು ಭಾಗಗಳ ಮೇಲೆ ನಿಜವಾಗಿಯೂ ಹೆಚ್ಚು ಬೆಳಕು ಬೀರುತ್ತವೆ. ಆದರೆ ಒಟ್ಟು ಬೆಳಕು ಇಮ್ಮಡಿಯಾಗುವುದಿಲ್ಲ, ಬಲ್ಬಿನ ಆಯುಸ್ಸೂ ಕಡಿಮೆ. ಅಪರೂಪಕ್ಕೆ ರಾತ್ರಿ ಓಡಿಸುವ ಕಾರಿಗೆ ಇವು ಹೊಂದಬಹುದು. ಪ್ರತಿ ರಾತ್ರಿ ದುಡಿಯುವ ಲಾರಿಗೆ ಉತ್ತಮ ತಯಾರಿಕೆಯ ಸಾಮಾನ್ಯ ಬಲ್ಬೇ ಲೇಸು.

ಇನ್ನು ಎಲ್.ಇ.ಡಿ. ಬಲ್ಬಿನ ವಿಚಾರ. ವಾಹನದ ಜೊತೆಗೇ ರೂಪುಗೊಂಡ ಎಲ್.ಇ.ಡಿ. ದೀಪಗಳು ಉತ್ತಮವಾಗಿರಬಲ್ಲವು. ಆದರೆ ಹ್ಯಾಲೊಜನ್ ದೀಪದ ರಿಫ್ಲೆಕ್ಟರನ್ನು ತಂತಿಯ ನಿಖರವಾದ ಸ್ಥಾನಕ್ಕೆ ತಕ್ಕಂತೆ ಕಡೆದಿರುತ್ತಾರೆ. ಬೆಳಕಿನ ಮೂಲದ ಆಕಾರವೂ ಜಾಗವೂ ಬದಲಾದರೆ ಕಿರಣಗಳು ಚದುರುತ್ತವೆ. ವಾಹನದ ಮುಂದಿನ ನಾಲ್ಕು ಮಾರು ನೆಲ ಬೆಳ್ಳಗೆ ಬೆಳಗುವುದರಿಂದ ಚಾಲಕನಿಗೆ ತೃಪ್ತಿ ಎನಿಸುತ್ತದೆ; ದೂರದ ರಸ್ತೆ ಮಾತ್ರ ಕತ್ತಲಲ್ಲಿಯೇ ಉಳಿಯುತ್ತದೆ. ಜರ್ಮನಿಯಲ್ಲಿ 2020ರಿಂದ ಇಂತಹ ಕೆಲವು ಬಲ್ಬುಗಳಿಗೆ ಅನುಮತಿ ದೊರೆತಿದೆಯಾದರೂ, ಪರೀಕ್ಷಿಸಿ ಒಪ್ಪಿದ ನಿರ್ದಿಷ್ಟ ಮಾದರಿಯ ವಾಹನಗಳಿಗಷ್ಟೇ ಅದು ಸೀಮಿತ. ಯಾವ ಹೋಲ್ಡರಿಗಾದರೂ ಸರಿ ಎನ್ನುವ ಮಾರಾಟಕ್ಕೆ ಅಲ್ಲಿಯೂ ಸಮ್ಮತಿಯಿಲ್ಲ.

"ಎದುರಿನವರೆಲ್ಲ ಕಣ್ಣು ಕುಕ್ಕುವ ದೀಪ ಹಾಕಿರುವಾಗ ಸಾಧಾರಣ ದೀಪದಿಂದ ಓಡಿಸುವುದು ಹೇಗೆ?" ಎಂಬ ಮಾಲೀಕರ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಎದುರು ಬರುವ ಚಾಲಕನ ಕಣ್ಣು ಕತ್ತಲೆಗಟ್ಟಿದರೆ ಅವನ ವಾಹನವು ಹರಿಯುವುದು ಈ ಲಾರಿಯತ್ತಲೇ ಎಂಬುದನ್ನು ಮರೆಯಬಾರದು. ಮೇಲಾಗಿ, ಮಂಕು ಬೆಳಕಿನ ಕಾರಣ ಅನೇಕ ವೇಳೆ ಬಲ್ಬಿನಲ್ಲಿಯೇ ಇರುವುದಿಲ್ಲ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಹಳೆಯ ವೈರು, ಕಿಲುಬು ಹಿಡಿದ ಅರ್ತಿಂಗ್ ಇಷ್ಟು ನಷ್ಟವನ್ನು ಸುಲಭವಾಗಿ ಮಾಡಬಲ್ಲವು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರೆಳೆದು, ಫ್ಯೂಸ್ ಮತ್ತು ರಿಲೇ ಮೂಲಕ ದೀಪಕ್ಕೆ ವಿದ್ಯುತ್ ಕೊಟ್ಟರೆ ಅದೇ 60/55 ವ್ಯಾಟಿನ ಬಲ್ಬ್ ಹೊಸ ಕಳೆ ಪಡೆಯುತ್ತದೆ.

ಹಳದಿಗಟ್ಟಿದ ಪ್ಲಾಸ್ಟಿಕ್ ಗಾಜನ್ನು ಉಜ್ಜಿ ಹೊಳಪು ಮಾಡಿಸಬೇಕು ಅಥವಾ ಬದಲಿಸಬೇಕು. ಬಲ್ಬುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಗಾಜಿನ ಭಾಗವನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಬಿಸಿಗೆ ಕಾದು ಬಲ್ಬನ್ನು ಬೇಗ ಕೆಡಿಸುತ್ತದೆ. ಕಡೆಯದಾಗಿ, ಕಿರಣದ ಮಟ್ಟವನ್ನು ಸರಿಪಡಿಸಬೇಕು. ಕಾರಿನಲ್ಲಿ ಸಾಮಾನ್ಯವಾಗಿ 10 ಮೀಟರ್ ದೂರದ ಗೋಡೆಯ ಮೇಲೆ ಡಿಪ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಲಾರಿಗಳಿಗೆ ತಯಾರಕರ ಸೂಚನೆಯನ್ನು ಅನುಸರಿಸಬೇಕು. ಹೊರೆ ತುಂಬಿ ಹಿಂಭಾಗ ತಗ್ಗಿದಾಗ ಕಿರಣ ಮೇಲಕ್ಕೇಳುವುದನ್ನೂ ಗಮನಿಸಬೇಕು.

ಕಾನೂನಿನ ಮಾತೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮವು ಕಿರಣವು ಕಣ್ಣು ಕೋರೈಸದಂತೆ ಕೆಳಮುಖವಾಗಿ ಬಾಗಿರಬೇಕೆಂದು ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. ತೆತ್ತವರು ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುವುದು ಸಂದೇಹ.

ಗ್ರಾಹಕ ಕೇಳಿದ್ದನ್ನು ಕೊಡುವುದಷ್ಟೇ ವ್ಯಾಪಾರವಲ್ಲ. ಅವನ ಅಗತ್ಯವನ್ನರಿತು ಕೊಡುವುದರಲ್ಲಿ ಅಂಗಡಿಯ ಹೆಸರು ಉಳಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರಗಳವರೆಗಿನ ಬಿಡಿಭಾಗಗಳ ವರ್ತಕರು ಬಲ್ಬ್ ಮಾರುವ ಮುನ್ನ ವಾಹನದ ವೋಲ್ಟೇಜ್, ವೈರಿಂಗ್‌ಗಳ ಬಗ್ಗೆ ಎರಡು ಮಾತು ವಿಚಾರಿಸುವುದು ಕಷ್ಟವೇನಲ್ಲ. ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವಿದೆ: ವಾಹನಕ್ಕೆ ಹೊಂದುವ, ಒಳ್ಳೆಯ ತಾಮ್ರದ ವೈರು ಮತ್ತು ಶಾಖ ತಾಳುವ ಹೋಲ್ಡರುಗಳುಳ್ಳ ಸಿದ್ಧ ರಿಲೇ ವೈರಿಂಗ್ ತಯಾರಿಸುವುದು ಸಣ್ಣ ಘಟಕಗಳ ಕೈಗೆಟುಕುವ ಕೆಲಸ. ಕಣ್ಣು ಕುಕ್ಕುವ ಬಲ್ಬಿನಿಂದ ಒಂದು ದಿನದ ಲಾಭ ಬರಬಹುದು. ಸರಕು ಸುರಕ್ಷಿತವಾಗಿ ಊರು ಸೇರಿದರೆ ಮಾತ್ರ ಮರುದಿನದ ವ್ಯಾಪಾರ ನಡೆಯುತ್ತದೆ.