ಪೌಡರ್ ಕೋಟಿಂಗ್: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಕೃಷಿ ಉಪಕರಣಗಳಿಗೆ ತುಕ್ಕು ದೊಡ್ಡ ಶತ್ರು. ಅದನ್ನು ತಡೆಯಲು ಪೌಡರ್ ಕೋಟಿಂಗನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಸಣ್ಣ ಭಾಗಗಳಿಗೆ ಸಾಧ್ಯ. ಆದರೆ ಎಲ್ಲದಕ್ಕೂ ಬೇಡವೆಂಬುದು ನಮ್ಮ ಅಭಿಪ್ರಾಯ.

ವಿದ್ಯುದಾವೇಶ ಹೊಂದಿದ ಪುಡಿ, ಭೂಸಂಪರ್ಕ ಕೊಟ್ಟ ಲೋಹಕ್ಕೆ ಅಂಟುತ್ತದೆ. ಸುಮಾರು 180-200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಟ್ಟಿ ಪದರವಾಗುತ್ತದೆ. ತುಕ್ಕು, ಜಿಡ್ಡು ಉಳಿದಿದ್ದರೆ ಪದರ ಕಿತ್ತುಬರುವುದು. ಹಾರುವ ಪುಡಿಗೆ ಕಿಡಿ ತಗುಲಿದರೆ ಸ್ಫೋಟವಾಗಬಹುದು. ಉಸಿರಿಗೂ ಅದು ಹಾನಿಕರ. ಇದಕ್ಕೆ ಬಳಸಿದ ಓವನ್‌ನಲ್ಲಿ ಮತ್ತೆ ಅಡುಗೆ ಮಾಡಕೂಡದು.

ಮಣ್ಣಿನಲ್ಲಿ ಉಜ್ಜಾಡುವ ನೇಗಿಲ ಗುಳ, ಕುಂಟೆಯ ಕುಡಗಳಿಗೆ ಈ ಖರ್ಚು ವ್ಯರ್ಥ. ಪದರ ಬೇಗ ಸವೆಯುತ್ತದೆ. ಕೆಲಸ ಮುಗಿದೊಡನೆ ಅವನ್ನು ತೊಳೆದು, ಒರೆಸಿ, ಎಣ್ಣೆ ಸವರಿಡಿ. ಗೇಟು, ಚೌಕಟ್ಟುಗಳನ್ನು ಕಾರ್ಖಾನೆಗೆ ಒಯ್ಯುವುದೇ ಲೇಸು.