ದಂಡೆ ಮೊದಲೋ, ನೀರು ಮೊದಲೋ?

ಬಳ್ಳಾರಿ ನಾಲಾ ಎಂದರೆ ಬೆಳಗಾವಿಯ ಬಹಳಷ್ಟು ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಗಟಾರ ಎಂದು ಕರೆದು ಕೈ ತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಆ ಹೆಸರಿನಿಂದಲೇ ಶುರುವಾಗುತ್ತದೆ. ಅದು ಗಟಾರವಲ್ಲ. ಯಳ್ಳೂರು, ಅನಗೋಳ, ವಡಗಾವಿ, ಶಹಾಪುರಗಳ ಭತ್ತದ ಗದ್ದೆಗಳ ನಡುವೆ ಮಳೆಯ ನೀರನ್ನು ಹೊತ್ತು, ಹೆದ್ದಾರಿ ದಾಟಿ, ನಮ್ಮ ಸಾಂಬ್ರಾ ಸೀಮೆಯ ಕಡೆಗೆ ಬಂದು, ಮುಂದೆ ಮಾರ್ಕಂಡೇಯ ನದಿಯನ್ನು ಕೂಡುವ ಹಳ್ಳ ಅದು. ಮಾರ್ಕಂಡೇಯ ಘಟಪ್ರಭೆಯನ್ನು ಸೇರುತ್ತದೆ, ಘಟಪ್ರಭೆ ಕೃಷ್ಣೆಯನ್ನು. ಅಂದರೆ ಕೃಷ್ಣೆಗೆ ಬಾಗಿನ ಕೊಡುವ ನಾವೇ ಆಕೆಯ ಮರಿಮಗಳ ತಲೆಯ ಮೇಲೆ ಮೋರಿಯ ನೀರು ಸುರಿಯುತ್ತಿದ್ದೇವೆ.

ಹಳ್ಳಕ್ಕೆ ಏನಾಗಿದೆ ಎಂದು ಹೇಳಲು ತಜ್ಞರು ಬೇಕಿಲ್ಲ. ಊರಿನ ಒಳಚರಂಡಿಯ ನೀರು ಅದರೊಳಗೆ ಬೀಳುತ್ತದೆ. ಹೂಳು ತುಂಬಿದೆ, ಜಲಕಳೆ ಹಬ್ಬಿದೆ, ದಂಡೆ ವರ್ಷವರ್ಷಕ್ಕೂ ಕಿರಿದಾಗಿದೆ. ಬೇಸಿಗೆಯಲ್ಲಿ ಹರಿಯದೆ ಕೊಳೆಯುವುದು, ಮಳೆಗಾಲದಲ್ಲಿ ಹಿಡಿಸದೆ ಉಕ್ಕುವುದು, ಇವೆರಡೇ ಅದಕ್ಕೆ ಉಳಿದ ಕೆಲಸ. 2019ರ ಆಗಸ್ಟ್ ತಿಂಗಳ ಮಹಾಮಳೆಯನ್ನು ಯಾರೂ ಮರೆತಿಲ್ಲ. ಊರೊಳಗಿನ ಮನೆಗಳಿಗೆ ನೀರು ನುಗ್ಗಿದ್ದನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ಆದರೆ ನಾಲಾದ ಎರಡೂ ಬದಿಯ ಗದ್ದೆಗಳಿಗೆ ಅಂಥ ಕಷ್ಟ ಒಂದು ವರ್ಷದ್ದಲ್ಲ. ನಾಟಿ ಮಾಡಿದ ಪೈರು ದಿನಗಟ್ಟಲೆ ನೀರಿನಡಿ ನಿಂತು ಕೊಳೆಯುತ್ತದೆ. ಮತ್ತೆ ಬೀಜ, ಮತ್ತೆ ನಾಟಿ, ಮತ್ತೆ ಸಾಲ. ಆ ನೀರಿನಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವರು ಯಾರು? ಹೆಂಗಸರು. ನಾವು ಮನೆಯಲ್ಲಿ ಒಂದು ಬಕೆಟ್ ಚೆಲ್ಲಿ ಮರೆತ ನೀರಿನಲ್ಲಿ ಅವರು ಇಡೀ ದಿನ ನಿಲ್ಲುತ್ತಾರೆ. ಹಬ್ಬದ ದಿನ ಬೆಳಗಾವಿ ಬಾಸುಮತಿಯ ಘಮ ಹೊಗಳುವ ಅಕ್ಕಂದಿರು ಇದನ್ನೊಮ್ಮೆ ನೆನೆಯಬೇಕು.

ಈಗ ಹೊಸ ರಾಗವೊಂದು ಕೇಳುತ್ತಿದೆ. ನಾಲಾದ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟಿ, ಮೇಲೆ ಕಾಲುದಾರಿ ಮಾಡಿ, ದೀಪದ ಕಂಬ, ಬೆಂಚು, ತಿಂಡಿಯ ಅಂಗಡಿ ಇಟ್ಟರೆ ಊರು ಚಂದವಾಗುತ್ತದೆ ಎನ್ನುವವರಿದ್ದಾರೆ. 2016ರ ಜನವರಿಯಲ್ಲಿ ಬೆಳಗಾವಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಸೇರಿದಂದಿನಿಂದ ಈ ಚಂದದ ಹುಚ್ಚು ನಮ್ಮನ್ನು ಹಿಡಿದಿದೆ. ಕೋಟೆ ಕೆರೆಯನ್ನೇ ನೋಡಿ. 2018ರಲ್ಲಿ ಅದರ ದಂಡೆಯ ಮೇಲೆ 110 ಮೀಟರ್ ಎತ್ತರದ ಧ್ವಜಸ್ತಂಭ ಎದ್ದಿತು. ಧ್ವಜಕ್ಕೆ ನನ್ನ ನಮಸ್ಕಾರವಿದೆ. ಆದರೆ ಪರಊರಿನವರಿಗೆ ನಾವು ತೋರಿಸುವುದು ಕಂಬವನ್ನು, ಕೆರೆಯ ನೀರನ್ನಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ.

ದಂಡೆ ಬೇಡವೆಂದು ನಾನು ಹೇಳುತ್ತಿಲ್ಲ. ಸಂಜೆ ಹೊತ್ತು ಹೆಂಗಸರು, ಮುದುಕರು, ಮಕ್ಕಳು ನಿರ್ಭಯವಾಗಿ ನಡೆದಾಡುವ ಜಾಗ ಯಾವ ಊರಿಗೂ ಬೇಕು. ಜನ ಓಡಾಡುವ ದಂಡೆಗೆ ಕಳ್ಳತನದಿಂದ ಕಸದ ಟ್ರ್ಯಾಕ್ಟರ್ ಬರುವುದಿಲ್ಲ, ಒತ್ತುವರಿಯೂ ಸುಲಭವಲ್ಲ. ದಂಡೆ ಹಳ್ಳದ ಕಾವಲಿಗೆ ನಿಲ್ಲಬೇಕು ಎಂಬುದೇ ನನ್ನ ವಾದ. ಹಳ್ಳವನ್ನು ದಂಡೆಯ ಅಲಂಕಾರಕ್ಕೆ ಬಲಿಕೊಡಬಾರದು.

ಹೊರಗಿನ ಊರುಗಳ ಪಾಠವೂ ಇದೇ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಒಂದು ಹಳ್ಳವನ್ನು ಮುಚ್ಚಿ ಅದರ ಮೇಲೆ ಮೇಲುರಸ್ತೆ ಕಟ್ಟಿದ್ದರು. 2003ರಲ್ಲಿ ಆ ರಸ್ತೆಯನ್ನೇ ಕೆಡವಿ, 2005ರಲ್ಲಿ ಸುಮಾರು 6 ಕಿಲೋಮೀಟರ್ ಹಳ್ಳವನ್ನು ಮತ್ತೆ ತೆರೆದರು. ಮೆಚ್ಚಬೇಕಾದ ಧೈರ್ಯ. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ತಂದದ್ದು. ಅಹಮದಾಬಾದಿನ ಸಾಬರಮತಿ ದಂಡೆ 2012ರಲ್ಲಿ ಜನರಿಗೆ ತೆರೆಯಿತು. ಅಲ್ಲಿ ಹೊಳೆಯುವುದು ನರ್ಮದೆಯ ಕಾಲುವೆಯ ನೀರು. ಬೆಂಗಳೂರಿನಲ್ಲಿ ಕೋರಮಂಗಲ ಕಣಿವೆಯ ರಾಜಕಾಲುವೆಗೆ ಕೆ-100 ಎಂದು ಹೆಸರಿಟ್ಟು ಸೋಲ್ ಮಾದರಿಯಲ್ಲೇ ಕೆಲಸ ಹಿಡಿದರು. ಅಲ್ಲಿ ತೊಡಕಾದದ್ದು ದಂಡೆಯ ಕಲ್ಲುಹಾಸಲ್ಲ, ಕಾಲುವೆಗೆ ಬೀಳುವ ಹೊಲಸು ನೀರನ್ನು ಬೇರ್ಪಡಿಸುವ ಕೆಲಸ. ನಮಗೆ ಎರವಲು ನೀರು ಬೇಕಿಲ್ಲ. ಸಹ್ಯಾದ್ರಿಯ ಮಗ್ಗುಲಲ್ಲಿ ಕುಳಿತ ನಮಗೆ ಆಕಾಶವೇ ನೀರು ಕೊಡುತ್ತದೆ. ಅದಕ್ಕೆ ದಾರಿ ಬಿಟ್ಟರೆ ಸಾಕು.

ಆದ್ದರಿಂದ ಸರದಿ ತಪ್ಪಬಾರದು. ಮೊದಲು ಹೊಲಸು ನೀರನ್ನು ಶುದ್ಧ ಮಾಡಿಯೇ ಹಳ್ಳಕ್ಕೆ ಬಿಡಬೇಕು. ಆಮೇಲೆ ಹೂಳು ತೆಗೆಯಬೇಕು; ತೆಗೆದ ಹೂಳನ್ನು ದಂಡೆಯಲ್ಲೇ ಗುಡ್ಡೆ ಹಾಕಿ ಮುಂದಿನ ಮಳೆಗೆ ಮರಳಿಸುವ ನಾಟಕ ನಿಲ್ಲಬೇಕು. ಮೂರನೆಯದು ಅಳತೆ. ಹಳ್ಳದ ಹಳೆಯ ಅಗಲವನ್ನು ಭೂದಾಖಲೆ ನೋಡಿ ಗುರುತಿಸಿ ಕಲ್ಲು ನೆಡಬೇಕು. ದಂಡೆಯ ತೋಟ, ಕಾಲುದಾರಿ ಇದಾದ ಮೇಲೆ. ಹಳ್ಳವನ್ನು ಗೋಡೆಗಳ ನಡುವೆ ಇಕ್ಕಟ್ಟು ಮಾಡಿದರೆ ಶಹಾಪುರದ ನೆರೆ ಮಾಯವಾಗುವುದಿಲ್ಲ. ಇನ್ನಷ್ಟು ಸೊಕ್ಕಿನಿಂದ ಕೆಳಗಿನ ನಮ್ಮ ಹಳ್ಳಿಗಳ ಮೇಲೆ ಬೀಳುತ್ತದೆ. ಪಟ್ಟಣದ ಚಂದಕ್ಕೆ ಹಳ್ಳಿ ತೆರಬೇಕಾದ ತೆರಿಗೆಯೇ ಇದು? ಇನ್ನು ದಂಡೆಯ ಅಂಗಡಿಗಳ ಬಾಡಿಗೆ ಹಳ್ಳದ ನಿರ್ವಹಣೆಗೇ ಮೀಸಲಾಗಬೇಕು, ಪಾಲಿಕೆಯ ದೊಡ್ಡ ಗಂಟಿನಲ್ಲಿ ಕರಗಬಾರದು.

ಇಷ್ಟಕ್ಕೆಲ್ಲ ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ಗೋಡೆಗೆ ಇರುವ ದುಡ್ಡು ಶುದ್ಧೀಕರಣಕ್ಕೆ ಏಕಿಲ್ಲ? ಜಾಗವೆಲ್ಲಿದೆ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಹಲಗಾದಲ್ಲಿ ಶುದ್ಧೀಕರಣ ಘಟಕಕ್ಕೆ ಜಮೀನು ಹಿಡಿದಾಗ ಫಲವತ್ತಾದ ಭೂಮಿ ಹೋಯಿತೆಂದು ರೈತರು ಬೀದಿಗಿಳಿದರು. ಅವರ ಕೂಗು ಸುಳ್ಳಲ್ಲ. ಊರಿನ ಹೊಲಸು ತೊಳೆಯಲು ರೈತನ ತಟ್ಟೆಯನ್ನೇ ಕಸಿಯಬಾರದು. ಅವರನ್ನು ಮೊದಲೇ ಕೂರಿಸಿ ಕೇಳದೆ ನಕ್ಷೆ ಬರೆದರೆ ಕೋರ್ಟಿನ ಮೆಟ್ಟಿಲೇ ಗತಿ.

ನಮ್ಮೂರಿಗೆ ಇದು ಆಗದ ಕೆಲಸವೂ ಅಲ್ಲ. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಜನರ ಬಾಯಾರಿಕೆಗೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಈಗಲೂ ಇದೆ. 1990ರ ದಶಕದಲ್ಲಿ ನೀರಿಗೆ ತತ್ವಾರವಾದಾಗ ಊರಿನ ಹಳೆಯ ಬಾವಿಗಳ ಹೂಳೆತ್ತಿ ಅವನ್ನು ಮತ್ತೆ ಬಳಕೆಗೆ ತಂದವರು ಬೆಳಗಾವಿಯವರೇ. ಬಾವಿಗೆ ಬಂದ ಬುದ್ಧಿ ಹಳ್ಳಕ್ಕೆ ಏಕೆ ಬಾರದು?

ಸೋದರಿಯರೇ, ಮನೆಯಲ್ಲಿ ನೀರಿನ ಬೆಲೆ ಗೊತ್ತಿರುವುದು ನಮಗೆ. ಪಾಲಿಕೆಯಲ್ಲಿ ಹೆಂಗಸರಿಗೆ ಮೀಸಲಾತಿ ಇದೆ. ವೋಟು ಕೇಳಲು ಅರಿಶಿನ ಕುಂಕುಮ ಹಿಡಿದು ಬರುವ ಆ ಅಕ್ಕಂದಿರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿ: ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಉತ್ತರ ಗೊತ್ತಿಲ್ಲದವರಿಗೆ ದಂಡೆಯ ದೀಪ ಉದ್ಘಾಟಿಸುವ ಹಕ್ಕಿಲ್ಲ.